ಎಪ್ಪತ್ತರ ದಶಕದ ಹಿಂದಿ ಸಿನಿಮಾಗಳನ್ನು ಜೋಡಿ ಕಟ್ಟಿ ನೋಡುವುದು ಹೇಗೆ

ಎಪ್ಪತ್ತರ ದಶಕದ ಹಿಂದಿ ಸಿನಿಮಾ ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರು ಕೇಳಿದರೂ ನಾನು ಹೇಳುವುದು ಒಂದೇ. ಬಿಡಿ ಬಿಡಿಯಾಗಿ ನೋಡಬೇಡಿ, ಜೋಡಿ ಕಟ್ಟಿಕೊಂಡು ನೋಡಿ. ಜನ ಮುಗಿಬಿದ್ದು ನೋಡಿದ ಸಿನಿಮಾ ಒಂದು, ನಮ್ಮ ಕಡೆ 'ಅವಾರ್ಡ್ ಸಿನಿಮಾ' ಅಂತ ಹೇಳಿ ಪಕ್ಕಕ್ಕಿಡುವ ಸಿನಿಮಾ ಇನ್ನೊಂದು. ಶನಿವಾರ ಒಂದು, ಭಾನುವಾರ ಮತ್ತೊಂದು. ನಡುವೆ ಒಂದು ರಾತ್ರಿ ಇರಲಿ, ಮೊದಲನೆಯದು ಸ್ವಲ್ಪ ಒಳಗಿಳಿಯಬೇಕಲ್ವಾ.

ನಾನು ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ಸಿನಿಮಾ ನೋಡಿದ್ದು ಓಣಿಯಲ್ಲಿ ಟಿವಿ ಇದ್ದ ಒಂದೇ ಮನೆಯಲ್ಲಿ. ಅಮಿತಾಭ್ ಸಿನಿಮಾ ಬಂತು ಅಂದರೆ ಬಾಗಿಲ ಹೊರಗೂ ಜನ. ನಿಧಾನದ ಸಿನಿಮಾ ಬಂದರೆ ಹತ್ತು ನಿಮಿಷದಲ್ಲಿ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಎದ್ದು ಹೋಗುತ್ತಿದ್ದರು. ನಮ್ಮ ಚಿಕ್ಕಮ್ಮ ಮಾತ್ರ ಎರಡಕ್ಕೂ ಕೂರುತ್ತಿದ್ದರು. 'ಅದರಾಗ ಹೇಳೋದೂ ಇದೇ, ಇದರಾಗ ಹೇಳೋದೂ ಅದೇ, ಹೇಳೋ ದನಿ ಬ್ಯಾರೆ' ಎನ್ನುತ್ತಿದ್ದರು ಅವರು. ಕಲಬುರಗಿ ಕಡೆಯವರು. ಆ ಮಾತು ಎಷ್ಟು ಸರಿ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಅದಕ್ಕೆ ಸಾಕ್ಷಿ ಬೇಕೇ? ಟೈಟಲ್ ಕಾರ್ಡ್ ಓದಿ ಸಾಕು, ಎರಡೂ ಬಗೆಯ ಸಿನಿಮಾದಲ್ಲಿ ಅದೇ ಜನ. ಮಣಿ ಕೌಲ್ ಅವರ 'ಉಸ್ಕಿ ರೋಟಿ'ಗೆ ಕ್ಯಾಮೆರಾ ಹಿಡಿದವರು ಕೆ.ಕೆ. ಮಹಾಜನ್. ಬಸು ಚಟರ್ಜಿಯವರ ಮುದ್ದಾದ 'ರಜನೀಗಂಧಾ'ಕ್ಕೂ ಅವರೇ. ಶಬಾನಾ ಆಜ್ಮಿ 1974ರಲ್ಲಿ 'ಅಂಕುರ್' ಮಾಡಿದರು, 1977ರಲ್ಲಿ 'ಅಮರ್ ಅಕ್ಬರ್ ಆಂಟನಿ'ಯಲ್ಲೂ ಇದ್ದಾರೆ. 'ದೀವಾರ್'ನಲ್ಲಿ ಪೊಲೀಸ್ ತಮ್ಮನಾಗಿದ್ದ ಶಶಿ ಕಪೂರ್ 1978ರಲ್ಲಿ ತಾವೇ ನಿರ್ಮಾಪಕರಾಗಿ ಶ್ಯಾಮ್ ಬೆನಗಲ್ ಅವರಿಂದ 'ಜುನೂನ್' ಮಾಡಿಸಿದರು. ಇನ್ನೊಂದು ಹೇಳುತ್ತೇನೆ, ಇದು ನನಗೆ ತುಂಬ ಇಷ್ಟ. 'ಶೋಲೆ'ಯ ಗಬ್ಬರ್ ಅಮ್ಜದ್ ಖಾನ್, ಠಾಕೂರ್ ಸಂಜೀವ್ ಕುಮಾರ್, ಜೊತೆಗೆ ಜೈ ಅಮಿತಾಭ್ ಬಚ್ಚನ್. ಇವರು ಮೂವರೂ ಎರಡೇ ವರ್ಷದ ನಂತರ ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ'ಯಲ್ಲಿದ್ದಾರೆ. ಅಮ್ಜದ್ ಅಲ್ಲಿ ಲಖನೌದ ನವಾಬ, ಸಂಜೀವ್ ಚದುರಂಗದ ಹುಚ್ಚು ಹಿಡಿದ ಜಾಗೀರದಾರ, ಅಮಿತಾಭ್ ಬರೀ ದನಿ, ಕತೆ ಹೇಳುವ ದನಿ. ಅವರ ದನಿ ಸಿನಿಮಾದಲ್ಲಿ ಮೊದಲು ಕೇಳಿದ್ದೂ ಹಾಗೆಯೇ, 1969ರಲ್ಲಿ ಮೃಣಾಲ್ ಸೇನ್ ಅವರ 'ಭುವನ್ ಶೋಮ್'ನಲ್ಲಿ.

ಮೊದಲು ಒಂದಿಷ್ಟು ತಯಾರಿ

ನೀವು ನೋಡಲು ಹೊರಟಿರುವುದು ಪೂರ್ತಿ ಸಿನಿಮಾ ಹೌದೋ ಅಲ್ಲವೋ ನೋಡಿಕೊಳ್ಳಿ. ಇದು ಮುಖ್ಯ. ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ಪ್ರತಿಗಳಲ್ಲಿ ಹಾಡು ಕತ್ತರಿಸಿರುತ್ತಾರೆ, ಕೆಲವೊಮ್ಮೆ ಒಂದು ರೀಲೇ ಮಾಯ. 'ಶೋಲೆ' ಮೂರು ಗಂಟೆ ದಾಟುವ ಸಿನಿಮಾ, ನಿಮ್ಮ ಕೈಗೆ ಸಿಕ್ಕಿದ್ದು ಎರಡೂಮುಕ್ಕಾಲು ಗಂಟೆಗೆ ಮುಗಿದರೆ ಅದನ್ನು ಬಿಟ್ಟು ಬೇರೆ ಹುಡುಕಿ. ಚೌಕಟ್ಟನ್ನೂ ಗಮನಿಸಿ. ಅದು 70 ಎಂ.ಎಂ. ಪರದೆಗೆಂದು ಮಾಡಿದ ಅಗಲ ಚಿತ್ರ, ಟಿವಿ ತುಂಬಲಿ ಅಂತ ಎರಡು ಬದಿ ಕತ್ತರಿಸಿದ್ದರೆ ಬಂಡೆಗಳ ನಡುವೆ ಮನುಷ್ಯ ಎಷ್ಟು ಸಣ್ಣವನು ಅನ್ನುವುದೇ ಕಾಣುವುದಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದರೆ ಬೇಜಾರಾಗಬೇಡಿ, ಅದೇ ಸರಿಯಾದ ಪ್ರತಿ.

ಇಂಟರ್ವಲ್ ಎಂದು ಬಂದಲ್ಲಿ ನಿಜವಾಗಿಯೂ ನಿಲ್ಲಿಸಿ, ಎದ್ದು ಚಹಾ ಮಾಡಿಕೊಳ್ಳಿ. ಆ ಕಾಲದ ಕತೆಗಾರರು ಮೊದಲರ್ಧವನ್ನು ಒಂದು ಗಂಟು ಹಾಕಿ ನಿಲ್ಲಿಸುತ್ತಿದ್ದರು, ಆ ಗಂಟು ನಿಮ್ಮ ತಲೆಯಲ್ಲಿ ಹತ್ತು ನಿಮಿಷ ಕೂರಬೇಕು. ಹಾಡು ಓಡಿಸಬೇಡಿ. ಹಾಡಲ್ಲೇ ಕತೆ ಮುಂದೆ ಹೋಗುತ್ತದೆ ಎಷ್ಟೋ ಸಲ.

ಇನ್ನು ಭಾಷೆ. ಹಿಂದಿ ಬರಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. 'ಅಂಕುರ್' ನೋಡಿ. ಅದರಲ್ಲಿ ಆಡುವುದು ತೆಲಂಗಾಣದ ಹಳ್ಳಿಯ ದಖನಿ. ಬೀದರ್, ಕಲಬುರಗಿ, ರಾಯಚೂರಿನ ಸಂತೆಯಲ್ಲಿ ಕೇಳುವ ಮಾತು. ನಮ್ಮ ಚಿಕ್ಕಮ್ಮನಿಗೆ ಒಂದು ಪದವನ್ನೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 'ನಕ್ಕೋ' (ಬೇಡ) ಅಂದಾಗಲೆಲ್ಲ ಅವರು ನಗುತ್ತಿದ್ದರು, ಟಿವಿಯಲ್ಲಿ ತಮ್ಮೂರಿನವರು ಮಾತಾಡಿದ ಹಾಗೆ ಆಗುತ್ತಿತ್ತು ಅವರಿಗೆ. ಉರ್ದು ಜಾಸ್ತಿ ಇರುವ ಸಿನಿಮಾಕ್ಕೂ ಹೆದರಬೇಡಿ. ಅರ್ಜಿ, ಜಪ್ತಿ, ವಕೀಲ, ಮಾಲೀಕ, ತಕರಾರು, ಇವೆಲ್ಲ ನಮ್ಮ ತಾಲ್ಲೂಕು ಕಚೇರಿಯ ಮಾತುಗಳೇ. 'ಶತರಂಜ್'ಗೆ ಮಾತ್ರ ಸಬ್‌ಟೈಟಲ್ ಹಾಕಿಕೊಳ್ಳಿ.

'ಅಂಕುರ್' ಬಗ್ಗೆ ಹೇಳುವಾಗ ಅನಂತ್ ನಾಗ್ ಅವರ ಹೆಸರು ಬಿಡಲು ಸಾಧ್ಯವಿಲ್ಲ. ನಾವು ಅವರನ್ನು ಮನೆಮಗನಂತೆ ಪ್ರೀತಿಸುವವರು. ಇಲ್ಲಿ ಅವರು ಜಮೀನುದಾರನ ಮಗ ಸೂರ್ಯ. ಕೆಲಸದವಳ ಜೊತೆ ಸಂಬಂಧ, ಅವಳು ಬಸುರಿ, ಊರು ಬಿಟ್ಟು ಹೋಗಿದ್ದ ಅವಳ ಗಂಡ ವಾಪಸ್ ಬರುತ್ತಾನೆ. ಕಿವಿ ಕೇಳದ, ಮಾತು ಬಾರದ ಗಂಡ. ಅವನು ಕೋಲು ಹಿಡಿದು ಹೊಲದಲ್ಲಿ ನಡೆದು ಬರುತ್ತಿರುವುದು ಸೂರ್ಯನಿಗೆ ಕಾಣುತ್ತದೆ. ಅವನು ಬರುತ್ತಿರುವುದು ಕೆಲಸ ಕೇಳಲಿಕ್ಕೆ, ಮುಖದ ತುಂಬ ಖುಷಿ. ಸೂರ್ಯನಿಗೆ ಕಾಣುವುದು ಕೋಲು ಮಾತ್ರ. ಹೆದರಿಕೆಯಲ್ಲಿ ಅವನನ್ನು ಹಿಡಿದು ಹೊಡೆಯುತ್ತಾನೆ. ಆ ಹೊತ್ತಲ್ಲಿ ಅನಂತ್ ನಾಗ್ ಮುಖ ನೋಡಿ, ಹೊಡೆಯುವವನ ಮುಖದಲ್ಲಿ ಹೊಡೆತ ತಿನ್ನುವವನ ಭಯ ಇದೆ. ಹಿಂದಿಯಲ್ಲಿ ಅವರ ಮೊದಲ ಸಿನಿಮಾ ಅದು.

ಮೊದಲ ಜೋಡಿ: 'ಶೋಲೆ' ಮತ್ತು 'ನಿಶಾಂತ್'

ಎರಡೂ 1975ರವು. ಎರಡರಲ್ಲೂ ಒಂದು ಹಳ್ಳಿ, ಆ ಹಳ್ಳಿಯನ್ನು ಹಿಂಡುವವರು, ಹಿಂಡಿಸಿಕೊಂಡು ಸುಮ್ಮನಿರುವ ಜನ.

'ಶೋಲೆ' ನೀವು ಮೊದಲೇ ನೋಡಿರಬಹುದು. ಈ ಸಲ ಜೈ, ವೀರು, ಗಬ್ಬರ್ ಮೂವರನ್ನೂ ಬಿಟ್ಟು ಹಿಂದೆ ನಿಂತಿರುವ ಊರವರನ್ನೇ ನೋಡಿ. ಇದು ನಾನು ಹೇಳಿಕೊಡುವ ಮುಖ್ಯ ಪಾಠ ಅಂತಲೇ ತಿಳಿಯಿರಿ. ಡಕಾಯಿತರು ಬಂದಾಗ ಅವರು ಎಲ್ಲಿ ನಿಲ್ಲುತ್ತಾರೆ, ಯಾರು ಯಾರ ಹಿಂದೆ ಸರಿಯುತ್ತಾರೆ, ಯಾರು ತಲೆ ಬಗ್ಗಿಸುತ್ತಾರೆ. ಇಮಾಮ್ ಸಾಹೇಬರ ಮಗನ ಹೆಣ ಕುದುರೆ ಮೇಲೆ ಬಂದ ಮೇಲೆ ಊರವರು ಏನು ಕೇಳುತ್ತಾರೆ? ಈ ಇಬ್ಬರು ಹೊರಗಿನವರನ್ನು ಗಬ್ಬರ್‌ಗೆ ಒಪ್ಪಿಸಿಬಿಡೋಣ ಅಂತಾರೆ. ಮಗನನ್ನು ಕಳೆದುಕೊಂಡ ಕುರುಡು ಮುದುಕನೊಬ್ಬನೇ ಅದಕ್ಕೆ ಎದುರು ಮಾತಾಡುವುದು, ಎ.ಕೆ. ಹಂಗಲ್ ಅವರ ದನಿಯಲ್ಲಿ. ಆಮೇಲೆ ಅವನು ಕೋಲು ಊರಿಕೊಂಡು ಮಸೀದಿ ಕಡೆ ನಡೆಯುತ್ತಾನೆ. ಆ ಊರು ಕೊನೆಯವರೆಗೂ ತಾನಾಗಿ ಏಳುವುದೇ ಇಲ್ಲ. ಠಾಕೂರ್ ದುಡ್ಡು ಕೊಟ್ಟು ಕರೆಸಿದವರು ಅದರ ಪರವಾಗಿ ಹೊಡೆದಾಡುತ್ತಾರೆ.

ಮಾರನೇ ದಿನ ಬೆನಗಲ್ ಅವರ 'ನಿಶಾಂತ್'. 1945ರ ತೆಲಂಗಾಣ. ಊರಿಗೆ ಹೊಸದಾಗಿ ಬಂದ ಮೇಷ್ಟ್ರು, ಅದು ಗಿರೀಶ್ ಕಾರ್ನಾಡ್. ಅವರ ಹೆಂಡತಿ ಶಬಾನಾ. ಜಮೀನ್ದಾರನ ತಮ್ಮಂದಿರು ಅವಳನ್ನು ಮನೆಯಿಂದಲೇ ಎಳೆದುಕೊಂಡು ಹೋಗುತ್ತಾರೆ. ಊರು ಕಿಟಕಿ ಮುಚ್ಚಿಕೊಳ್ಳುತ್ತದೆ. ಮೇಷ್ಟ್ರು ಪೊಲೀಸರ ಹತ್ತಿರ ಹೋಗುತ್ತಾರೆ, ವಕೀಲರ ಹತ್ತಿರ, ಕಲೆಕ್ಟರ್ ಹತ್ತಿರ. ಎಲ್ಲ ಕಡೆ ಕುರ್ಚಿ, ಕಡತ, ನಾಳೆ ಬನ್ನಿ. ಕೊನೆಗೆ ಗುಡಿಯ ಪೂಜಾರಿಯೂ ಮೇಷ್ಟ್ರೂ ಸೇರಿ ಊರನ್ನೇ ಎಬ್ಬಿಸುತ್ತಾರೆ, ಹಳ್ಳಿ ಏಳುತ್ತದೆ. ಎದ್ದ ಮೇಲೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ 'ಶೋಲೆ' ನೋಡುವಾಗ 'ಇವರು ಯಾಕೆ ಎದ್ದು ನಿಲ್ಲಲ್ಲ' ಎಂದು ಸಿಟ್ಟು ಬಂದಿತ್ತಲ್ವಾ, ಆ ಸಿಟ್ಟು ಇಲ್ಲಿ ನಿಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಗುಂಪು ಎದ್ದಾಗ ಅದಕ್ಕೆ ತಪ್ಪು ಮಾಡಿದವರು, ಮಾಡದವರು ಎಂಬ ಭೇದ ಕಾಣುವುದಿಲ್ಲ. ನಾನು ಈ ಎರಡು ಸಿನಿಮಾಗಳನ್ನು ಇದೇ ಕ್ರಮದಲ್ಲಿ ನೋಡಿದ ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

'ನಿಶಾಂತ್'ನ ಕಿರಿಯ ತಮ್ಮ ನಾಸಿರುದ್ದೀನ್ ಶಾ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ವಿದ್ಯಾರ್ಥಿ ಮುಷ್ಕರದಲ್ಲಿ ಇದ್ದವರು, ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಕಾರ್ನಾಡರೇ. ಆದರೂ ಬೆನಗಲ್ ಅವರಿಗೆ ಈ ಹುಡುಗನ ಹೆಸರು ಹೇಳಿದ್ದು ಕಾರ್ನಾಡ್. ಇನ್ನು ಕ್ಯಾಮೆರಾ ಹಿಡಿದ ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಆಮೇಲೆ ಸಹಾಯಕರಾಗಿದ್ದದ್ದು ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಕೈಕೆಳಗೆ. 'ಶೋಲೆ'ಯ ಬಂಡೆಗಳು ರಾಮನಗರದವು ಅನ್ನುವುದು ಎಲ್ಲರಿಗೂ ಗೊತ್ತು. 'ನಿಶಾಂತ್'ನ ನೆರಳು ಬೆಳಕಿನ ಹಿಂದೆ ಬೆಂಗಳೂರಿನ ಒಂದು ತರಗತಿ ಇದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ರಾಮನಗರಕ್ಕೆ ಹೋಗಬೇಕೆಂದಿದ್ದರೆ ಸಿನಿಮಾ ನೋಡಿದ ಮೇಲೆ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಳ್ಳಿಯನ್ನು ಕಲಾ ನಿರ್ದೇಶಕ ರಾಮ್ ಯೇಡೇಕರ್ ಕಟ್ಟಿಸಿದ್ದು, ಅದು ಈಗ ಇಲ್ಲ. ಬಂಡೆಗಳಿವೆ, ರಾಮದೇವರ ಬೆಟ್ಟದ ಮೇಲೆ ರಣಹದ್ದುಗಳಿವೆ. ಅಲ್ಲಿ ಗದ್ದಲ ಮಾಡಬೇಡಿ, ಅದು ರಣಹದ್ದುಗಳ ಧಾಮ.

ಎರಡನೇ ಜೋಡಿ: 'ದೀವಾರ್' ಮತ್ತು 'ಮಂಥನ್'

'ದೀವಾರ್' ಅಂದರೆ ಎಲ್ಲರಿಗೂ ನೆನಪಾಗುವುದು ಸೇತುವೆ ಕೆಳಗಿನ ಅಣ್ಣ ತಮ್ಮಂದಿರ ಮಾತು. ನೀವು ಮೊದಲ ಅರ್ಧ ಗಂಟೆಯ ಮೇಲೆ ಕಣ್ಣಿಡಿ. ಅಪ್ಪ ಕಾರ್ಮಿಕ ಸಂಘದ ನಾಯಕ. ಮಾಲೀಕರು ಅವನ ಹೆಂಡತಿ ಮಕ್ಕಳನ್ನು ಹಿಡಿದಿಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಅವನು ಮರ್ಯಾದೆ ಕಳೆದುಕೊಂಡು ಊರು ಬಿಟ್ಟು ಓಡುತ್ತಾನೆ. ಕಾರ್ಮಿಕರು ಸೇರಿ ಹುಡುಗನ ಕೈ ಮೇಲೆ 'ನನ್ನಪ್ಪ ಕಳ್ಳ' ಎಂದು ಹಚ್ಚೆ ಹಾಕುತ್ತಾರೆ. ಸಂಘ ಅಲ್ಲಿಗೆ ಮುರಿಯಿತು. ಅಲ್ಲಿಂದ ಮುಂದೆ ಸಲೀಂ-ಜಾವೇದ್ ಬರೆದದ್ದೆಲ್ಲ ಒಬ್ಬಂಟಿ ಮನುಷ್ಯನ ಕತೆ, ಒಬ್ಬನ ಮುಷ್ಟಿ, ಒಬ್ಬನ ಸಿಟ್ಟು, 786 ನಂಬರಿನ ಒಂದು ಬಿಲ್ಲೆ.

'ಮಂಥನ್' 1976ರದು, ಅಲ್ಲಿ ಸಂಘ ಹುಟ್ಟುತ್ತದೆ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಸಿನಿಮಾ. ನಿರ್ಮಾಪಕರು ಅಂತ ಅವರ ಹೆಸರೇ ಪರದೆ ಮೇಲೆ ಬರುತ್ತದೆ, ಬಿಡುಗಡೆಯಾದಾಗ ಲಾರಿ ಲಾರಿಯಲ್ಲಿ ಬಂದು ನೋಡಿದರು. ನಮ್ಮ ಹಳ್ಳಿಗಳಲ್ಲಿ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಹೋದವರಿಗೆ ಈ ಸಿನಿಮಾ ಬಿಡಿಸಿ ಹೇಳಬೇಕಿಲ್ಲ. ನಂದಿನಿಯ ಹಳ್ಳಿ ಸಂಘಗಳೂ ಅದೇ ಮಾದರಿಯವು, ಗುಜರಾತಿನ ಆನಂದ್ ಊರಿನ ಅಮೂಲ್ ಮಾದರಿ. ಡಾಕ್ಟರ್ ರಾವ್ ಪಾತ್ರದ ಕಾರ್ನಾಡ್ ಹಾಲಿನ ಫ್ಯಾಟ್ ಪರೀಕ್ಷೆ ಮಾಡುವ ದೃಶ್ಯದಲ್ಲಿ ಸ್ಮಿತಾ ಪಾಟೀಲ್ ಕಣ್ಣನ್ನು ನೋಡಿ. ಇಷ್ಟು ವರ್ಷ ಖಾಸಗಿ ಡೈರಿಯ ಮಿಶ್ರಾಜಿ ತನ್ನ ಹಾಲಿಗೆ ಎಷ್ಟು ಕಡಿಮೆ ಕೊಟ್ಟ ಅನ್ನುವುದು ಅವಳಿಗೆ ಮೆಲ್ಲಗೆ ಗೊತ್ತಾಗುತ್ತಾ ಹೋಗುತ್ತದೆ. ಒಂದು ಮಾತೂ ಆಡದೆ ಅವಳು ಆ ಲೆಕ್ಕ ಹಾಕುವುದು ಕಾಣುತ್ತದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದನ್ನು ಚೆನ್ನಾಗಿ ರಿಪೇರಿ ಮಾಡಿಸಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿತು. ಆ ಪ್ರತಿ ಸಿಕ್ಕರೆ ಬಿಡಬೇಡಿ, ಹಳೆಯ ಪ್ರತಿಗಳಲ್ಲಿ ಬಣ್ಣ ಪೂರ್ತಿ ಬಾಡಿತ್ತು.

ಮೂರನೇ ಜೋಡಿ: 'ಅಮರ್ ಅಕ್ಬರ್ ಆಂಟನಿ' ಮತ್ತು 'ಗರ್ಮ್ ಹವಾ'

ಈ ಜೋಡಿ ಹೇಳಿದರೆ ಹುಬ್ಬೇರಿಸುವವರೇ ಜಾಸ್ತಿ. ಒಂದು ನಗುವಿನ ಹೊನಲು, ಇನ್ನೊಂದು ಎದೆ ಸುಡುವ ಸಿನಿಮಾ. ಆದರೆ ಮನಮೋಹನ್ ದೇಸಾಯಿ ಕತೆ ಶುರು ಮಾಡುವುದನ್ನು ನೋಡಿ. ಆಗಸ್ಟ್ 15ರ ದಿನ, ಗಾಂಧಿ ಪ್ರತಿಮೆಯ ಕೆಳಗೆ ಅಪ್ಪ ಮೂರು ಮಕ್ಕಳನ್ನು ಕೂರಿಸಿ ಹೋಗುತ್ತಾನೆ. ವಾಪಸ್ ಬರುವಷ್ಟರಲ್ಲಿ ಮೂವರೂ ಇಲ್ಲ, ಒಬ್ಬ ಹಿಂದೂ ಮನೆ ಸೇರಿದ, ಒಬ್ಬ ಮುಸ್ಲಿಂ ಮನೆ, ಒಬ್ಬ ಪಾದ್ರಿಯ ಬಳಿ. ಸ್ವಾತಂತ್ರ್ಯದ ದಿನವೇ ಮನೆ ಒಡೆಯಿತು. ದೊಡ್ಡವರಾದ ಮೇಲೆ ಮೂವರೂ ಒಟ್ಟಿಗೆ ಮಲಗಿ ತಾಯಿ ಎಂದು ಗೊತ್ತಿಲ್ಲದ ತಾಯಿಗೆ ರಕ್ತ ಕೊಡುವಾಗ ಟೈಟಲ್ ಕಾರ್ಡ್ ಬರುತ್ತವೆ. ಡಾಕ್ಟರಿಕೆಯ ಲೆಕ್ಕ ಕೇಳಬೇಡಿ. ಒಡೆದ ಮನೆ ಕೂಡಬೇಕು ಅನ್ನುವ ಆಸೆಯನ್ನು ಅಷ್ಟು ಧೈರ್ಯವಾಗಿ ತೋರಿಸಿದ ಬೇರೆ ಚಿತ್ರ ನಾನು ಕಂಡಿಲ್ಲ.

ದೇಶ ವಿಭಜನೆಯಲ್ಲಿ ಮನೆ ಒಡೆದದ್ದು ಹೇಗೆ ಅನ್ನುವುದನ್ನು 'ಗರ್ಮ್ ಹವಾ' ತೋರಿಸುತ್ತದೆ. ಮೈಸೂರಿನ ಎಂ.ಎಸ್. ಸತ್ಯು ಅವರದು, 1973. ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಕೊಟ್ಟ ಸಣ್ಣ ಸಾಲದಲ್ಲಿ ಮಾಡಿದ್ದು. ಸೆನ್ಸಾರ್‌ನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. ಕೊನೆಗೆ ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನಲ್ಲೇ, ಸಾಗರ್ ಮತ್ತು ಸಂಗೀತ್ ಟಾಕೀಸಿನಲ್ಲಿ. ಇಲ್ಲಿನ ಜನ ಒಪ್ಪಿಕೊಂಡರು, ಆಮೇಲೆ ದೇಶದ ಬೇರೆ ಕಡೆ ಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ.

ಶುರುವಿಗೆ ಆಗ್ರಾದ ರೈಲು ನಿಲ್ದಾಣ. ಬೂಟು ಕಾರ್ಖಾನೆಯ ಸಲೀಂ ಮಿರ್ಜಾ ಯಾರನ್ನೋ ಪಾಕಿಸ್ತಾನಕ್ಕೆ ಕಳಿಸಿಕೊಟ್ಟು ತಾಂಗಾ ಹತ್ತುತ್ತಾರೆ. ಇವತ್ತು ಯಾರನ್ನು ಬಿಟ್ಟು ಬಂದಿರಿ ಅಂತ ತಾಂಗಾದವನು ಕೇಳುತ್ತಾನೆ. ದಿನಾ ಕೇಳುವ ಮಾತು ಅನ್ನುವ ಹಾಗೆ ಕೇಳುತ್ತಾನೆ. ಹಸಿರು ಮರಗಳೆಲ್ಲ ಈ ಗಾಳಿಗೆ ಬೀಳುತ್ತಿವೆ ಎನ್ನುತ್ತಾರೆ ಮಿರ್ಜಾ. ಬಿಸಿ ಗಾಳಿ ಸ್ವಾಮಿ, ಬೇರು ಕಿತ್ತು ಹೋಗದವರು ನಿಂತಲ್ಲೇ ಒಣಗುತ್ತಾರೆ ಎಂದು ಅವನು ಕುದುರೆ ಹೊಡೆಯುತ್ತಾನೆ. ಮುಂದಿನ ಎರಡು ಗಂಟೆ ಅದೇ. ಒಬ್ಬೊಬ್ಬರೇ ಹೋಗುತ್ತಾರೆ, ಉಳಿದವರು ಒಣಗುತ್ತಾರೆ. ಹವೇಲಿ ಅಣ್ಣನ ಹೆಸರಲ್ಲಿದೆ, ಅಣ್ಣ ಗಡಿ ದಾಟಿದ್ದಾನೆ, ಹಾಗಾಗಿ ಮನೆ ಸರ್ಕಾರದ ಪಾಲು. ಮನೆ ಖಾಲಿ ಮಾಡುವ ದಿನ ಮುದುಕಿ ಅಜ್ಜಿ ಸಿಗುವುದಿಲ್ಲ. ಎಲ್ಲರೂ ಹುಡುಕುತ್ತಾರೆ. ಸೌದೆ ಕೋಣೆಯ ಕತ್ತಲಲ್ಲಿ ಮುದುರಿಕೊಂಡು ಕೂತಿದ್ದಾಳೆ, ಎತ್ತಿಕೊಂಡೇ ಹೊರಗೆ ತರಬೇಕು. ಸಾಯುವ ಹೊತ್ತಿಗೆ ಅವಳನ್ನು ಪಲ್ಲಕ್ಕಿಯಲ್ಲಿ ಅದೇ ಮನೆಗೆ ಒಮ್ಮೆ ಕರೆತರುತ್ತಾರೆ. ಆಗ ಸದ್ದು ಜಾಸ್ತಿ ಮಾಡಿಕೊಳ್ಳಿ, ಹಿನ್ನೆಲೆಗೆ ಕಿವಿ ಕೊಡಿ.

ಮಿರ್ಜಾ ಆದವರು ಬಲರಾಜ್ ಸಾಹ್ನಿ. ಡಬ್ಬಿಂಗ್ ಮುಗಿಸಿದ ಮಾರನೇ ದಿನ, 1973ರ ಏಪ್ರಿಲ್ 13ರಂದು ತೀರಿಕೊಂಡರು. ಅವರು ಕೊನೆಯ ದಿನ ಮೈಕಿನ ಮುಂದೆ ಆಡಿದ ದನಿಯೇ ನೀವು ಕೇಳುವ ದನಿ. ಅದನ್ನು ತಿಳಿದು ನೋಡಿ.

ಇನ್ನೊಂದಿಷ್ಟು

ತುರ್ತು ಪರಿಸ್ಥಿತಿಯ ತಾರೀಕು ಒಂದು ಚೀಟಿಯಲ್ಲಿ ಬರೆದು ಹತ್ತಿರ ಇಟ್ಟುಕೊಳ್ಳಿ: 1975 ಜೂನ್ 25ರಿಂದ 1977 ಮಾರ್ಚ್ 21. 'ದೀವಾರ್' ಅದಕ್ಕೆ ಐದು ತಿಂಗಳು ಮೊದಲು ಬಂತು, 'ಶೋಲೆ' ಅದು ಶುರುವಾದ ಎರಡು ತಿಂಗಳೊಳಗೆ. ಠಾಕೂರ್ ತನ್ನ ಬೂಟುಗಾಲಿನಿಂದಲೇ ಗಬ್ಬರ್‌ನನ್ನು ಕೊಲ್ಲುವುದು ಮೊದಲಿನ ಕೊನೆ. ಸೆನ್ಸಾರ್ ಒಪ್ಪದೆ ಪೊಲೀಸರು ಬಂದು ತಡೆಯುವ ಕೊನೆ ಸೇರಿಸಬೇಕಾಯಿತು. ಮೂಲ ಕೊನೆಯ ಪೂರ್ತಿ ಪ್ರತಿಯನ್ನು 2025ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಗುಲ್ಜಾರ್ ಅವರ 'ಆಂಧಿ'ಯನ್ನು ಆ ದಿನಗಳಲ್ಲಿ ನಿಲ್ಲಿಸಿದರು, ಕಿಶೋರ್ ಕುಮಾರ್ ಹಾಡುಗಳನ್ನು ಆಕಾಶವಾಣಿಯಿಂದ ತೆಗೆದರು, 'ಕಿಸ್ಸಾ ಕುರ್ಸಿ ಕಾ'ದ ಪ್ರತಿಗಳನ್ನೇ ನಾಶ ಮಾಡಿದರು. ಯಾವ ಸಿನಿಮಾ ನೋಡಿದರೂ ಅದು ಈ ಗೆರೆಯ ಆಚೆಯದೋ ಈಚೆಯದೋ ಎಂದು ಒಮ್ಮೆ ಕೇಳಿಕೊಳ್ಳಿ.

ಇಷ್ಟೆಲ್ಲ ಭಾರ ಒಮ್ಮೆಲೇ ಬೇಡ ಎನಿಸಿದಾಗ ಬಸು ಚಟರ್ಜಿ ಇದ್ದಾರೆ. 1976ರ 'ಛೋಟಿ ಸೀ ಬಾತ್'ನಲ್ಲಿ ಬಸ್ ನಿಲ್ದಾಣದಲ್ಲಿ ಹುಡುಗಿಯ ಹಿಂದೆ ನಿಂತು ಬಾಯಿ ತೆರೆಯಲಾರದ ಅಮೋಲ್ ಪಾಲೇಕರ್. ಇದೂ 'ದೀವಾರ್'ನ ಮುಂಬಯಿಯೇ, ಆದರೆ ಇಲ್ಲಿ ಯಾರ ಕೈಯಲ್ಲೂ ಪಿಸ್ತೂಲಿಲ್ಲ, ಟಿಫಿನ್ ಡಬ್ಬ ಇದೆ. ಒಂದು ಕಡೆ ಇಬ್ಬರೂ ಟಾಕೀಸಿಗೆ ಹೋಗುತ್ತಾರೆ, ಪರದೆ ಮೇಲೆ ಧರ್ಮೇಂದ್ರ ಹೇಮಾಮಾಲಿನಿ ಹಾಡುತ್ತಿರುತ್ತಾರೆ, ನೋಡ ನೋಡುತ್ತ ಪರದೆ ಮೇಲೆ ಇವರೇ ಬಂದುಬಿಡುತ್ತಾರೆ. ದೊಡ್ಡ ಸಿನಿಮಾ ಸಣ್ಣವರ ತಲೆಯೊಳಗೆ ಹೇಗೆ ಕೂತಿತ್ತು ಎಂದು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ. 'ಗುಡ್ಡಿ' ಮತ್ತು 'ಭೂಮಿಕಾ'ವನ್ನೂ ಜೋಡಿ ಮಾಡಬಹುದು, ಎರಡೂ ಸಿನಿಮಾ ಲೋಕದ ಒಳಗಿನ ಕತೆ. ಮೊದಲನೆಯದು ಮನೆಮಂದಿಯೆಲ್ಲ ಕೂತು ನೋಡುವಂಥದ್ದು, ಎರಡನೆಯದನ್ನು ಒಬ್ಬರೇ ನೋಡಿ. 'ಭೂಮಿಕಾ'ದ ಚಿತ್ರಕತೆಯಲ್ಲೂ ಕಾರ್ನಾಡರ ಕೈ ಇದೆ.

ಕನ್ನಡದವರಿಗೆ ಮಾತ್ರ ಸಿಗುವ ಒಂದು ಜೋಡಿಯೂ ಇದೆ. ಭೈರಪ್ಪನವರ ಕಾದಂಬರಿ ಆಧರಿಸಿ ಬಿ.ವಿ. ಕಾರಂತ ಮತ್ತು ಕಾರ್ನಾಡ್ ಸೇರಿ 'ತಬ್ಬಲಿಯು ನೀನಾದೆ ಮಗನೆ' ಮಾಡಿದರು, ಹಿಂದಿಯಲ್ಲಿ ಅದೇ 'ಗೋಧೂಳಿ'. ಎರಡನ್ನೂ ಒಂದರ ಬೆನ್ನಿಗೊಂದು ನೋಡಿ, ಅದೇ ಹಸು ಅದೇ ಕೊಟ್ಟಿಗೆ ಭಾಷೆ ಬದಲಾದಾಗ ಎಷ್ಟು ಬೇರೆಯಾಗಿ ಕಾಣುತ್ತವೆ ನೋಡಿ.

ಕೊನೆಗೆ ಇಡಬೇಕಾದದ್ದು

'ಉಸ್ಕಿ ರೋಟಿ'ಯನ್ನು ಮೊದಲು ನೋಡಬೇಡಿ. ಇಷ್ಟೆಲ್ಲ ಆದ ಮೇಲೆ ನೋಡಿ. ಒಬ್ಬ ಹೆಂಗಸು ಬಸ್ ಡ್ರೈವರ್ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಬಂದು ರಸ್ತೆ ಪಕ್ಕ ಕಾಯುತ್ತಾಳೆ. ಕತೆ ಇಷ್ಟೇ. ಫೋನು ಬೇರೆ ಕೋಣೆಯಲ್ಲಿಡಿ, ದೀಪ ಆರಿಸಿ, ಊಟ ಮುಗಿಸಿ ಕೂರಿ. ಮೊದಲ ಇಪ್ಪತ್ತು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಗ ಮುಖ ಬಿಟ್ಟು ಕೈಗಳನ್ನು ನೋಡಲು ಶುರು ಮಾಡಿ. ಹಿಟ್ಟು ತಟ್ಟುವ ಕೈ, ಗಂಟು ಹಿಡಿದ ಕೈ. ಕಾಯುವುದು ಅನ್ನುವುದು ಒಂದು ಕೆಲಸ, ದಿನವಿಡೀ ಮಾಡುವ ಕೆಲಸ ಅನ್ನುವುದು ನಿಧಾನಕ್ಕೆ ಮೈಗೆ ಬರುತ್ತದೆ. ಆಗಲೂ ಬೇಜಾರು ಎನಿಸಿದರೆ ನಿಲ್ಲಿಸಿ, ಆರು ತಿಂಗಳು ಬಿಟ್ಟು ಮತ್ತೆ ನೋಡಿ. ನಾನು ಮೂರನೇ ಸಲಕ್ಕೆ ಪೂರ್ತಿ ನೋಡಿದ್ದು.

ಅದು ಮುಗಿದ ದಿನವೇ ವಾಪಸ್ 'ಶೋಲೆ'ಗೆ ಹೋಗಿ, ಒಂದೇ ಒಂದು ದೃಶ್ಯಕ್ಕೆ. ಮುಸ್ಸಂಜೆ, ಠಾಕೂರ್ ಮನೆ. ವಿಧವೆ ಸೊಸೆ ರಾಧಾ ಬಿಳಿ ಸೀರೆಯಲ್ಲಿ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ. ಕೆಳಗೆ ಮೆಟ್ಟಿಲ ಮೇಲೆ ಕೂತ ಜೈ ಮೌತ್ ಆರ್ಗನ್ ನುಡಿಸುತ್ತಿದ್ದಾನೆ. ಮಾತಿಲ್ಲ. ಆ ಬೆಳಕು ಮುಸ್ಸಂಜೆಯಲ್ಲಿ ಕೆಲವೇ ನಿಮಿಷ ಸಿಗುವಂಥದ್ದು. ಅದಕ್ಕಾಗಿ ದಿನಾ ಕಾದು ಕಾದು, ಆ ಸಣ್ಣ ತುಣುಕನ್ನು ಸುಮಾರು ಇಪ್ಪತ್ತು ದಿನ ತೆಗೆದರು ಛಾಯಾಗ್ರಾಹಕ ದ್ವಾರಕಾ ದಿವೇಚಾ, ರಾಮನಗರದಲ್ಲಿ. ರಾಧಾ ಆದ ಜಯಾ ಭಾದುರಿ ಕೈ ದೀಪದ ಬತ್ತಿಯ ಹತ್ತಿರ ಹೋಗುವುದನ್ನು ನೋಡಿ. ಕೊನೆಯ ದೀಪ ಆರಿಸಿ ಬಾಗಿಲು ಹಾಕಿಕೊಳ್ಳುವ ಮುಂಚೆ ಒಂದು ಕ್ಷಣ ನಿಲ್ಲುತ್ತಾಳೆ, ಅಲ್ಲಿ ಪಾಜ್ ಬಟನ್ ಒತ್ತಿ.